ದುಮ್ಮವಾಡದ ಸೀಮೆಯಲ್ಲಿ ಮಕ್ಕಳಿಗೆ ದೇವಿ ಹಾಕಿದ ಇತಿಹಾಸ

ಧಾರವಾಡದಿಂದ ದಕ್ಷಿಣಕ್ಕೆ ಕಲಘಟಗಿಯ ಕಡೆಗೆ ನಡೆದಂತೆ ಎರೆಯ ಬಯಲು ಹಿಂದುಳಿದು ಮಲೆನಾಡಿನ ಸೆರಗು ತೊಡಗುವುದು. ನವಲಗುಂದ, ಅಣ್ಣಿಗೇರಿಗಳ ಜೋಳ-ಹತ್ತಿಯ ನೆಲಕ್ಕೂ ಕಲಘಟಗಿಯ ಬತ್ತದ ಗದ್ದೆಗಳಿಗೂ ನಡುವಣ ಈ ಸಂಧಿಪ್ರದೇಶದಲ್ಲಿರುವ ದುಮ್ಮವಾಡವು ರಾಜಕೀಯ ಇತಿಹಾಸದಲ್ಲಿ ಹೆಸರಾದ ಊರಲ್ಲ. ೧೯೫೦ರ ದಶಕದಲ್ಲಿ ಹುಬ್ಬಳ್ಳಿ-ಧಾರವಾಡಗಳ ಕುಡಿಯುವ ನೀರಿಗಾಗಿ ಬೇಡ್ತಿಯ ಹಳ್ಳಕ್ಕೆ ಕಟ್ಟಿದ ನೀರಸಾಗರದ ದೆಸೆಯಿಂದಲೇ ಅದರ ಹೆಸರು ಹೊರಗಿನವರ ಕಿವಿಗೆ ಬಿದ್ದುದು. ಆದರೆ ಸಾಮಾಜಿಕ ಇತಿಹಾಸದ ಕೆಲವು ಪ್ರಶ್ನೆಗಳು ರಾಜಧಾನಿಗಳಿಂದ ನೋಡಿದಾಗ ಒಂದು ಬಗೆಯಾಗಿಯೂ ಇಂಥ ಊರುಗಳಿಂದ ನೋಡಿದಾಗ ಇನ್ನೊಂದು ಬಗೆಯಾಗಿಯೂ ಕಾಣಿಸುವುವು. ಮೈಲಿಬೇನೆ ಬಾರದಂತೆ ಮಕ್ಕಳ ತೋಳಿಗೆ ದೇವಿ ಹಾಕಿದ ನೂರೈವತ್ತು ವರ್ಷಗಳ ಕಾರ್ಯವು ಅಂಥ ಪ್ರಶ್ನೆಗಳಲ್ಲೊಂದು.

ಈ ಕಾರ್ಯದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಒಂದೇ ಕಥೆಯನ್ನು ಹೇಳುತ್ತ ಬಂದಿರುವರು. ಹಳ್ಳಿಯ ಜನರು ಮೈಲಿಯನ್ನು ದೇವತೆಯ ಮುನಿಸೆಂದು ನಂಬಿದ್ದರು. ಅದಕಾರಣ ದೇವಿ ಹಾಕುವವನನ್ನು ಕಂಡರೆ ಮಕ್ಕಳನ್ನು ಅಡಗಿಸಿದರು. ವಿದ್ಯೆ ಹರಡಿದಂತೆ ಈ ಮೌಢ್ಯವು ಅಳಿಯಿತು. ಇಂಗ್ಲಿಷ್ ಅಧಿಕಾರಿಗಳ ವರದಿಗಳಲ್ಲಿಯೂ, ತರುವಾಯ ಈ ದೇಶದ ಸುಧಾರಕರ ಬರವಣಿಗೆಗಳಲ್ಲಿಯೂ ಮರಳಿ ಮರಳಿ ಬರುವ ಮಾತು ಇದೇ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ದೇವತೆಯ ಮೇಲಣ ನಂಬಿಕೆಯು ೧೮೩೦ರಲ್ಲಿ ಹೇಗಿತ್ತೋ ೧೯೬೦ರಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಇತ್ತು. ಆ ನಡುವೆ ಬೇರೆಯಾದುದು ದೇವಿ ಹಾಕುವ ಕ್ರಮ. ನಂಬಿಕೆ ನಿಂತಲ್ಲಿಯೇ ನಿಂತಿರಲು ನಡತೆ ಬದಲಾಯಿತೆಂದ ಮೇಲೆ, ಅಡ್ಡಿಯ ಮೂಲವನ್ನು ನಂಬಿಕೆಯೊಂದರಲ್ಲಿಯೇ ಹುಡುಕುವುದು ಯುಕ್ತವಾಗಲಾರದು.

ಹೆಸರುಗಳಿಂದಲೇ ವಿಚಾರವನ್ನು ತೊಡಗಬಹುದು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಈ ರೋಗಕ್ಕೆ ಮಸೂರಿಕೆ ಎಂದು ಹೆಸರು. ಗುಳ್ಳೆಗಳು ಮಸೂರ ಬೇಳೆಯನ್ನು ಹೋಲುವುದೇ ಇದಕ್ಕೆ ಕಾರಣ. ಮಾಧವನಿದಾನದಲ್ಲಿ ಇದಕ್ಕೆ ಪ್ರತ್ಯೇಕ ಪ್ರಕರಣವುಂಟು. ಭಾವಮಿಶ್ರನ ಭಾವಪ್ರಕಾಶದ ಹೊತ್ತಿಗೆ ಶೀತಲಾದೇವಿಯ ಹೆಸರು ರೋಗದೊಡನೆ ಸೇರಿಕೊಂಡಿರುವುದು. ಕನ್ನಡದ ಸಿಡುಬು ಎಂಬ ಶಬ್ದವು ಸಿಡಿ ಎಂಬ ಧಾತುವಿಗೆ ಸಂಬಂಧಪಟ್ಟುದೆಂದು ತೋರುತ್ತದೆ. ಜನರ ಬಾಯಲ್ಲಿ ಮೈಸೂರಿನ ಕಡೆಗೆ ಅಮ್ಮ, ಧಾರವಾಡದ ಕಡೆಗೆ ಅವ್ವ. ಗೋವಿನ ಸಿಡುಬಿನ ರಸವನ್ನು ತೋಳಿಗೆ ಹಚ್ಚುವ ಕ್ರಿಯೆಗೆ ಮೈಸೂರು ಸೀಮೆಯವರು ದಾಕು ಹಾಕುವುದೆಂದರು. ಮರಾಠಿಯ ನೆರೆಯಲ್ಲಿರುವ ಧಾರವಾಡ, ಬೆಳಗಾವಿಗಳಲ್ಲಿ ಅದು ದೇವಿ ಹಾಕುವುದಾಯಿತು. ಮರಾಠಿಯಲ್ಲಿ ದೇವಿ ಎಂದರೆ ದೇವತೆ, ರೋಗ, ರೋಗವನ್ನು ತಡೆಯುವ ಚುಚ್ಚು, ಮೂರೂ ಅಹುದು. ಇಂದು ಎಲ್ಲರೂ ಬಳಸುವ ಲಸಿಕೆ ಎಂಬ ಶಬ್ದವು ಶರೀರದ ನೀರಿನಂಥ ರಸವನ್ನು ಹೇಳುವ ಸಂಸ್ಕೃತದ ಲಸೀಕಾ ಎಂಬುದರಿಂದ ಬಂದುದು. ಅದು ಪುಸ್ತಕದ ಮಾತು. ಹಳ್ಳಿಯವರು ಸರಕಾರಿ ನೌಕರನ ಮದ್ದಿಗೂ ದೇವಿ ಎಂದೇ ಹೆಸರಿಟ್ಟರೆಂಬುದು ಗಮನಿಸತಕ್ಕ ಸಂಗತಿ. ಮದ್ದು ದೇವತೆಗೆ ಎದುರಾದುದೆಂದು ಅವರು ಎಣಿಸಿದ್ದರೆ ಈ ಹೆಸರು ಹುಟ್ಟುತ್ತಿರಲಿಲ್ಲ.

ಧಾರವಾಡ ಜಿಲ್ಲೆಯ ಊರೂರಿನಲ್ಲಿಯೂ ದ್ಯಾಮವ್ವ, ದುರಗವ್ವರ ಗುಡಿಗಳಿರುವುವು. ಮನೆಯಲ್ಲಿ ಮಗುವಿಗೆ ಅವ್ವ ಬಂದಿತೆಂದರೆ ಬಾಗಿಲಿಗೆ ಬೇವಿನ ತಪ್ಪಲು ಕಟ್ಟುವುದು, ಒಲೆಯ ಮೇಲೆ ಒಗ್ಗರಣೆ ಹಾಕದಿರುವುದು, ಮೊಸರನ್ನದ ಎಡೆ ಒಯ್ಯುವುದು, ಹೊರಗಿನವರನ್ನು ಒಳಕ್ಕೆ ಬಿಡದಿರುವುದು, ಇವು ಆಚಾರಗಳು. ಪಿಡುಗು ಊರಿಗೇ ಹಬ್ಬಿದರೆ ವಾರ ಹಿಡಿಯುವುದೂ, ಹೊರಬೀಡು ಬಿಡುವುದೂ ಉಂಟು. ಊರೆಲ್ಲ ಬಾಗಿಲಿಕ್ಕಿಕೊಂಡು ಹೊಲಗಳಲ್ಲಿ ಅಡಿಗೆ ಮಾಡಿ ಉಂಡು ಸಂಜೆಗೆ ಮರಳುವ ಈ ಹೊರಬೀಡು ರೋಗವನ್ನು ತಡೆಯಿತೆಂದು ಹೇಳುವಂತಿಲ್ಲ. ಆದರೆ ಬೇವಿನ ತಪ್ಪಲು ಕಂಡ ಮನೆಗೆ ನೆರೆಯವರು ಕಾಲಿಡದಿದ್ದುದರಿಂದ ಸೋಂಕು ಕೆಲಮಟ್ಟಿಗಾದರೂ ಕಡಿಮೆಯಾಗಿರಬೇಕು. ರೋಗ ಬಂದ ಮೇಲೆ ಏನು ಮಾಡಬೇಕೆಂಬುದಕ್ಕೆ ಈ ಆಚಾರಗಳಲ್ಲಿ ಉತ್ತರವಿತ್ತು. ಬಾರದಂತೆ ಏನು ಮಾಡಬೇಕೆಂಬುದಕ್ಕೆ ಹರಕೆಯ ಹೊರತು ಉತ್ತರವಿರಲಿಲ್ಲ. ಬಂಗಾಳ, ಒರಿಸ್ಸಗಳಲ್ಲಿ ರೋಗಿಯ ಗುಳ್ಳೆಯ ರಸವನ್ನೇ ಆರೋಗ್ಯವಂತನಿಗೆ ಚುಚ್ಚುವ ಟೀಕಾ ಪದ್ಧತಿಯು ಹಿಂದಿನಿಂದಲೂ ನಡೆದುಬಂದಿತ್ತು. ೧೭೬೭ರಲ್ಲಿ ಹಾಲ್ವೆಲ್ ಎಂಬ ಇಂಗ್ಲಿಷ್ ವೈದ್ಯನು ಅದನ್ನು ವಿವರಿಸಿ ಬರೆದನು. ದಕ್ಷಿಣದಲ್ಲಿ ಆ ಪದ್ಧತಿಯು ವಿರಳ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸುವುದು ಅವಶ್ಯ. ಗೋವಿನ ಸಿಡುಬಿನ ವಿದ್ಯೆಯು ಪ್ರಾಚೀನ ಭಾರತದಲ್ಲಿಯೇ ಇತ್ತೆಂದೂ ಧನ್ವಂತರಿಯ ಗ್ರಂಥದಲ್ಲಿ ಅದು ಉಕ್ತವಾಗಿದೆಯೆಂದೂ ಹಲವರು ಬರೆದಿರುವರು. ಇದರ ಮೂಲವನ್ನು ಶೋಧಿಸಿದರೆ ೧೮೧೯ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪತ್ರಕ್ಕೆ ಹೋಗಿ ಮುಟ್ಟುವುದು. ಅಲ್ಲಿ ಶಾಕ್ತೇಯಗ್ರಂಥದ್ದೆಂದು ಹೇಳಿ ಕೊಟ್ಟ ವಾಕ್ಯಗಳು ಯಾವ ಪ್ರಾಚೀನ ವೈದ್ಯಗ್ರಂಥದಲ್ಲಿಯೂ ಇಲ್ಲವೆಂದು ಡಾಮಿನಿಕ್ ವುಜಾಸ್ಟಿಕ್ ಮೊದಲಾದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಹೊಸ ಮದ್ದನ್ನು ಜನರು ಒಪ್ಪಲೆಂದು ಅದಕ್ಕೆ ಹಳೆಯ ವೇಷವನ್ನು ತೊಡಿಸುವ ಯತ್ನಗಳು ಆಗ ನಡೆದಿದ್ದುವು. ದ್ರಾವಿಡ ಭಾಷೆಗಳು ಪ್ರತ್ಯೇಕ ಕುಲವೆಂದು ೧೮೧೬ರಲ್ಲಿ ಪ್ರತಿಪಾದಿಸಿ ಭಾಷಾಶಾಸ್ತ್ರಜ್ಞರಿಗೆ ಪರಿಚಿತನಾದ ಎಫ್. ಡಬ್ಲ್ಯು. ಎಲ್ಲಿಸನೇ ದೇವಿಯು ಧನ್ವಂತರಿಗೆ ಗೋವಿನ ಸಿಡುಬಿನ ಮಹಿಮೆಯನ್ನು ತಿಳಿಸುವ ಕಥೆಯೊಂದನ್ನು ತಮಿಳಿನಲ್ಲಿ ರಚಿಸಿದನು. ಸದುದ್ದೇಶದಿಂದ ಹುಟ್ಟಿದ ಕೂಟಲೇಖವೂ ಕೂಟಲೇಖವೇ. ಅದನ್ನು ದೇಶಾಭಿಮಾನದ ಆಧಾರವಾಗಿ ಎತ್ತಿಕೊಳ್ಳುವುದು ಪಾಂಡಿತ್ಯಕ್ಕೆ ಶೋಭಿಸದು.

ಎಡ್ವರ್ಡ್ ಜೆನ್ನರನು ೧೭೯೬ರಲ್ಲಿ ಜೇಮ್ಸ್ ಫಿಪ್ಸ್ ಎಂಬ ಬಾಲಕನ ಮೇಲೆ ಪ್ರಯೋಗ ಮಾಡಿ ೧೭೯೮ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಮದ್ದನ್ನು ಭಾರತಕ್ಕೆ ತರುವುದು ಸುಲಭವಾಗಿರಲಿಲ್ಲ. ದಾರದಲ್ಲಿ ಒಣಗಿಸಿ, ಗಾಜಿನ ಚೂರುಗಳ ನಡುವೆ ಇಟ್ಟು ಹಡಗಿನಲ್ಲಿ ಕಳುಹಿದ ರಸವು ಉಷ್ಣದಿಂದ ಕೆಟ್ಟುಹೋಗುತ್ತಿತ್ತು. ಕೊನೆಗೆ ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗದಾದು, ಬಸ್ರಾಗಳ ಮಾರ್ಗವಾಗಿ ಮುಂಬಯಿಗೆ ತಲಪಿದ ರಸವನ್ನು ೧೮೦೨ನೆಯ ಜೂನ್ ೧೪ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿಗೆ ಹಾಕಿದರು. ಅದು ಹತ್ತಿತು. ಪುಣೆ, ಸೂರತ, ಹೈದರಾಬಾದು, ಮದ್ರಾಸುಗಳಿಗೆ ಹೋದ ರಸವೆಲ್ಲ ಆ ಮಗುವಿನ ತೋಳಿನ ಗುಳ್ಳೆಯಿಂದ ಹರಿದುಬಂದುದು. ಮರುವರ್ಷ ಸ್ಪೇನಿನ ದೊರೆಯು ಇಪ್ಪತ್ತೆರಡು ಅನಾಥ ಬಾಲಕರನ್ನು ಹಡಗಿಗೆ ಹತ್ತಿಸಿ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಅಟ್ಲಾಂಟಿಕ್ ಸಾಗರದ ಆಚೆಗೆ ಮದ್ದನ್ನು ಮುಟ್ಟಿಸಿದನು.

ತೋಳಿನಿಂದ ತೋಳಿಗೆ ಎಂಬ ಈ ಪದ್ಧತಿಯನ್ನು ಚೆನ್ನಾಗಿ ಅರಿತುಕೊಳ್ಳದೆ ಹಳ್ಳಿಗಳ ವಿರೋಧವನ್ನು ಅರಿಯಲಾಗದು. ಮಗುವಿನ ತೋಳಿಗೆ ಗೀರಿ ರಸ ಹಚ್ಚಿದ ಎಂಟನೆಯ ದಿನಕ್ಕೆ ಗುಳ್ಳೆಯು ತುಂಬಿ ತಿಳಿಯಾದ ನೀರು ಕೂಡುವುದು. ಇನ್ನು ಎರಡು ದಿನ ಕಳೆದರೆ ಅದು ಕೀವಾಗುವುದು, ಪ್ರಯೋಜನಕ್ಕೆ ಬಾರದು. ಆದುದರಿಂದ ಆ ದಿನವೇ ಮಗುವನ್ನು ಕರೆತಂದು, ಗುಳ್ಳೆಯನ್ನು ಸೂಜಿಯಿಂದ ಒಡೆದು, ಆ ನೀರನ್ನು ಬೇರೆ ಮಕ್ಕಳಿಗೆ ಹಚ್ಚಬೇಕು. ಸರಪಣಿಯ ಒಂದು ಕೊಂಡಿ ಕಳಚಿದರೆ ತಾಲೂಕಿನ ಕೆಲಸವೆಲ್ಲ ನಿಲ್ಲುವುದು. ಒಂದು ಊರಿನ ಮಗುವನ್ನು ಇನ್ನೊಂದು ಊರಿಗೆ ಹೊತ್ತೊಯ್ಯಬೇಕಾಗುತ್ತಿತ್ತು; ಎಂಟು ದಿನಗಳ ಹಿಂದೆ ಚುಚ್ಚಿಸಿಕೊಂಡು ಜ್ವರ ಬಂದು ನರಳಿದ ಕೂಸಿನ ಹುಣ್ಣನ್ನು ಪರರ ಮಕ್ಕಳಿಗಾಗಿ ಮತ್ತೆ ಕೆದಕಬೇಕಾಗುತ್ತಿತ್ತು. ಕಾಸು ಕೊಟ್ಟು ತಾಯಂದಿರನ್ನು ಒಪ್ಪಿಸುವ ರೂಢಿಯು ದೇಶದ ಹಲವೆಡೆ ಇತ್ತು. ಕಾಸಿಗೆ ಒಪ್ಪುವವರು ಬಡವರು. ಬಡವರಲ್ಲಿ ಬಹುಮಂದಿ ಅಸ್ಪೃಶ್ಯರೆನಿಸಿದ ಜಾತಿಗಳವರು. ಅವರ ಮಕ್ಕಳ ಶರೀರದ ನೀರನ್ನು ತಮ್ಮ ಮಕ್ಕಳ ರಕ್ತದಲ್ಲಿ ಸೇರಿಸುವುದಕ್ಕೆ ಮೇಲಿನವರೆನಿಸಿಕೊಂಡವರು ಒಪ್ಪಲಿಲ್ಲ.

ಈ ಎರಡನ್ನೂ ವರದಿಗಳು ಪೂರ್ವಗ್ರಹವೆಂಬ ಒಂದೇ ಶಬ್ದದಲ್ಲಿ ಮುಗಿಸಿಬಿಡುವುವು. ವಾಸ್ತವವಾಗಿ ಅವು ಬೇರೆ ಬೇರೆ. ಮೇಲುಜಾತಿಯವನ ಹಿಂಜರಿಕೆಯು ಮೈಲಿಗೆಯ ಭೀತಿ, ಅದನ್ನು ಸಮರ್ಥಿಸುವುದಕ್ಕಾಗದು. ಬಡ ತಾಯಿಯ ಹಿಂಜರಿಕೆಯಾದರೋ ತನ್ನ ಕೂಸು ಊರಿಗೆಲ್ಲ ಪಾತ್ರೆಯಾಗುವುದೆಂಬ ಸಂಕಟ. ಒಂದು ಶರೀರದ ರಸದೊಡನೆ ಬೇರೆ ರೋಗಗಳೂ ದಾಟಬಹುದೆಂಬ ಅಂಜಿಕೆಯು ಯುರೋಪಿನ ವೈದ್ಯರಲ್ಲಿಯೇ ಇತ್ತು. ಈ ಮಾರ್ಗವಾಗಿ ಉಪದಂಶ ರೋಗವು ಹರಡಿದ ನಿದರ್ಶನಗಳು ಅಲ್ಲಿ ಸಿದ್ಧಪಟ್ಟಿದ್ದುವು. ಹಳ್ಳಿಯ ಹೆಂಗಸಿಗೆ ಆ ಶಾಸ್ತ್ರವು ತಿಳಿಯದಿದ್ದರೂ ಅವಳ ಅಂಜಿಕೆಯು ಶಾಸ್ತ್ರಕ್ಕೆ ವಿರುದ್ಧವಾಗಿರಲಿಲ್ಲ.

ಕನ್ನಡನಾಡಿನಲ್ಲಿ ಈ ಮದ್ದು ಮೊದಲು ಕಾಲೂರಿದುದು ಮೈಸೂರಿನಲ್ಲಿ. ೧೭೯೯ರ ತರುವಾಯ ಬಾಲದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನು ಆಡಳಿತ ನಡೆಸುತ್ತಿದ್ದ ಕಾಲವದು. ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದರಿಯ ಪ್ರಯತ್ನದಿಂದ ೧೮೦೩-೦೪ರಲ್ಲಿ ಇಪ್ಪತ್ತೈದು ಸಾವಿರಕ್ಕೆ ಮಿಕ್ಕಿ ಜನರಿಗೆ ದಾಕು ಹಾಕಲಾಯಿತು. ೧೮೦೫ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರಿನ ಮೂವರು ರಾಜಸ್ತ್ರೀಯರ ಚಿತ್ರವೊಂದುಂಟು. ಅದರಲ್ಲಿ ಒಬ್ಬಾಕೆಯು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ದಾಕಿನ ಪ್ರಚಾರಕ್ಕಾಗಿಯೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಊಹಿಸಿರುವರು. ಊಹೆಯು ಸರಿಯಾಗಿದ್ದರೆ, ಅರಮನೆಯ ಹೆಂಗಸರು ತೋಳು ತೋರಿಸಿ ಹೇಳಬೇಕಾದಷ್ಟು ಆ ಕಾರ್ಯವು ಆಸ್ಥಾನಕ್ಕೆ ಮುಖ್ಯವಾಗಿತ್ತೆಂದಾಯಿತು.

ಧಾರವಾಡಕ್ಕೆ ಅಂಥ ಆಸ್ಥಾನವಿರಲಿಲ್ಲ. ೧೮೧೭-೧೮ರ ಯುದ್ಧದಲ್ಲಿ ಪೇಶ್ವೆಯ ಆಳಿಕೆ ಮುಗಿದು ಈ ಸೀಮೆಯು ಇಂಗ್ಲಿಷರ ವಶವಾಗಿ, ಮುಂಬಯಿ ಇಲಾಖೆಗೆ ಸೇರಿತು. ಆ ಇಲಾಖೆಯಲ್ಲಿ ೧೮೨೭ರಿಂದ ದೇವಿ ಹಾಕುವುದಕ್ಕೆ ಪ್ರತ್ಯೇಕವಾದ ಏರ್ಪಾಡೊಂದು ನಡೆಯತೊಡಗಿತು. ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ಜನರನ್ನು ಕಾಯುವುದಕ್ಕೆ ಬದಲಾಗಿ, ಸಂಬಳದ ನೌಕರರು ಊರಿಂದೂರಿಗೆ ತಿರುಗಿ ಚುಚ್ಚುವುದು, ಮೇಲಧಿಕಾರಿಯು ಹಿಂದಿನಿಂದ ಬಂದು ಮಕ್ಕಳ ತೋಳುಗಳನ್ನು ಪರೀಕ್ಷಿಸುವುದು. ಮುಂಬಯಿ ಪದ್ಧತಿ ಎಂದೇ ಪ್ರಸಿದ್ಧವಾದ ಇದು ಇತರ ಇಲಾಖೆಗಳ ಏರ್ಪಾಡುಗಳಿಗಿಂತ ಮೇಲೆಂದು ಹೊಗಳಿಸಿಕೊಂಡಿತು. ಹೊಗಳಿಕೆಯು ಅರ್ಹವೇ. ಆದರೆ ಈ ಏರ್ಪಾಡಿನಲ್ಲಿ ದೇವಿ ಹಾಕುವವನು ಊರಿಗೆ ಬರುತ್ತಿದ್ದುದು ಗೌಡ, ಕುಲಕರ್ಣಿಗಳ ಚಾವಡಿಗೆ. ಮಕ್ಕಳನ್ನು ಕರೆತರುತ್ತಿದ್ದವನು ತಳವಾರ. ಕಂದಾಯಕ್ಕೂ ಬಿಟ್ಟಿಗೂ ಬಂದು ಬಾಗಿಲು ಬಡಿಯುವ ಕೈಯೇ ಕೂಸಿಗೂ ಬಂದು ಬಡಿಯಿತು.

ಕಾನೂನು ಬಂದುದು ಆಮೇಲೆ. ೧೮೭೭ರಲ್ಲಿ ಮುಂಬಯಿ ಪಟ್ಟಣಕ್ಕೂ, ೧೮೮೦ರಲ್ಲಿ ಭಾರತ ಸರಕಾರದ ಕಾಯಿದೆಯ ಮೂಲಕ ನಗರಸಭೆ ಹಾಗೂ ದಂಡುಪ್ರದೇಶಗಳಿಗೂ, ೧೮೯೨ರಲ್ಲಿ ಮುಂಬಯಿ ಇಲಾಖೆಯ ಜಿಲ್ಲೆಗಳಿಗೂ ಸಂಬಂಧಿಸಿದ ಕಾಯಿದೆಗಳು ಹುಟ್ಟಿದುವು. ಕೂಸು ಆರು ತಿಂಗಳು ದಾಟಿದ ಮೇಲೆ ದೇವಿ ಹಾಕಿಸಬೇಕು. ಗೊತ್ತಾದ ದಿನ ಮರಳಿ ತಂದು ತೋರಿಸಬೇಕು. ಕಡ್ಡಾಯವು ಕಾಗದದ ಮೇಲೆ ಪಟ್ಟಣಗಳಲ್ಲಿ ಬಿಗಿಯಾಗಿಯೂ ಹಳ್ಳಿಗಳಲ್ಲಿ ಸಡಿಲವಾಗಿಯೂ ಇತ್ತು. ಕಡ್ಡಾಯವನ್ನು ವಿರೋಧಿಸುವುದು ಭಾರತೀಯರ ವಿಶೇಷ ಗುಣವೆಂದು ತಿಳಿಯುವವರು ಇಂಗ್ಲೆಂಡಿನ ವೃತ್ತಾಂತವನ್ನು ನೋಡಬೇಕು. ೧೮೫೩ರಲ್ಲಿ ಅಲ್ಲಿ ಕಡ್ಡಾಯವಾಯಿತು. ೧೮೮೫ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ಸಹಸ್ರಾರು ಜನರು ಅದಕ್ಕೆ ವಿರುದ್ಧವಾಗಿ ಮೆರವಣಿಗೆ ಮಾಡಿದರು. ೧೮೯೮ರಲ್ಲಿ ಮನಸ್ಸಾಕ್ಷಿಗೆ ಒಪ್ಪದವರಿಗೆ ಕಾಯಿದೆಯೇ ವಿನಾಯಿತಿ ಕೊಟ್ಟಿತು. ವಿಕಾಸವಾದದ ಸಹಪ್ರವರ್ತಕನಾದ ಆಲ್ಫ್ರೆಡ್ ರಸೆಲ್ ವಾಲೆಸನು ವಿರೋಧಿಗಳ ಪಂಗಡದಲ್ಲಿದ್ದನು. ಅವನು ದ್ಯಾಮವ್ವನಿಗೆ ಅಂಜಿದವನಲ್ಲ.

ಈ ಕಾಯಿದೆಗಳು ದುಮ್ಮವಾಡದಂಥ ಊರಿನ ಬದುಕಿಗೆ ಹೊಂದುತ್ತಿದ್ದುವೇ ಎಂಬುದನ್ನು ವಿಚಾರಿಸಬೇಕು. ರಸವು ಬಿಸಿಲಿಗೆ ಕೆಡುವುದಾದ್ದರಿಂದ ದೇವಿ ಹಾಕುವ ಕೆಲಸವು ಚಳಿಗಾಲದಲ್ಲಿ ನಡೆಯುತ್ತಿತ್ತು. ಮಳೆಗಾಲದಲ್ಲಿ ಹಳ್ಳಗಳು ತುಂಬಿ ಕಲಘಟಗಿಯ ಕಡೆಯ ದಾರಿಗಳು ಕೆಸರಾಗುವುದರಿಂದ ಆಗಲೂ ಸಾಗದು. ಉಳಿದುದು ಬತ್ತದ ಕೊಯ್ಲು, ಒಕ್ಕಲಿನ ಕಾಲ. ಬಯಲಿನ ಊರುಗಳಲ್ಲಿಯಾದರೆ ಬಿಳಿಜೋಳದ ಸುಗ್ಗಿ. ಕೂಲಿಯ ಹೆಂಗಸಿಗೆ ವರ್ಷದಲ್ಲಿ ಕಾಳು ಕಾಣುವ ದಿನಗಳು ಅವೇ. ಚುಚ್ಚಿಸುವುದಕ್ಕೆ ಒಂದು ದಿನ, ಎಂಟನೆಯ ದಿನ ತೋರಿಸುವುದಕ್ಕೆ ಇನ್ನೊಂದು ದಿನ, ನಡುವೆ ಕೂಸಿಗೆ ಜ್ವರ ಬಂದಾಗ ಎರಡು ಮೂರು ದಿನ ಅವಳು ಹೊಲ ಬಿಟ್ಟು ಕುಳಿತುಕೊಳ್ಳಬೇಕು. ವರದಿಗಳಲ್ಲಿ ಅಲಕ್ಷ್ಯವೆಂದು ನಮೂದಾದುದರಲ್ಲಿ ಎಷ್ಟು ಭಾಗವು ಈ ಕೂಲಿಯ ಲೆಕ್ಕವೆಂಬುದನ್ನು ಯಾರೂ ಎಣಿಸಿದಂತಿಲ್ಲ.

ಇನ್ನೊಂದು ತೊಡಕು ಸೂಕ್ಷ್ಮವಾದುದು. ದೇವಿ ಹಾಕುವವನ ಕೈಯಲ್ಲಿರುತ್ತಿದ್ದುದು ಊರಿನ ಜನನದ ಪಟ್ಟಿ. ಆದರೆ ಈ ನಾಡಿನಲ್ಲಿ ಚೊಚ್ಚಲ ಹೆರಿಗೆಯು ತವರಿನಲ್ಲಿ ಆಗುವುದು. ಕಲಘಟಗಿಯ ಬಣ್ಣದ ತೊಟ್ಟಿಲುಗಳು ಪ್ರಸಿದ್ಧವಾದುವು. ಅರಗಿನ ಬಣ್ಣದಲ್ಲಿ ಚಿತ್ರ ಬರೆದ ಆ ತೊಟ್ಟಿಲನ್ನು ತವರಿನವರು ಮಗಳಿಗೆ ಕೊಟ್ಟು ಬಾಣಂತನ ಮುಗಿಸಿ ಕಳುಹಿಸುವುದು ಮರ್ಯಾದೆ. ಹೀಗಾಗಿ ಕೂಸಿನ ಹೆಸರು ತವರೂರಿನ ಪಟ್ಟಿಯಲ್ಲಿ, ಕೂಸು ಗಂಡನ ಊರಿನಲ್ಲಿ. ಆರು ತಿಂಗಳ ತರುವಾಯ ಒಂದು ಊರಿನಲ್ಲಿ ಹುಡುಕಿದರೆ ಹೆಸರುಂಟು, ಮಗುವಿಲ್ಲ. ಇನ್ನೊಂದು ಊರಿನಲ್ಲಿ ಮಗುವುಂಟು, ಹೆಸರಿಲ್ಲ. ಅಡಗಿಸಿದ ಮಕ್ಕಳೆಂದು ಬರೆದಿಟ್ಟವರಲ್ಲಿ ಇಂಥ ಮಕ್ಕಳೂ ಸೇರಿರಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದಿತು. ೧೮೯೮ರಲ್ಲಿ ಹುಬ್ಬಳ್ಳಿಯ ಜನರಲ್ಲಿ ಬಹುಭಾಗವು ಹಾಫ್ಕಿನನ ಪ್ಲೇಗಿನ ಲಸಿಕೆಯನ್ನು ಚುಚ್ಚಿಸಿಕೊಂಡುದು ವೈದ್ಯಕೀಯ ಇತಿಹಾಸದಲ್ಲಿ ಪ್ರಸಿದ್ಧವಾದ ಸಂಗತಿ. ಮಕ್ಕಳ ದೇವಿಗೂ ಇದಕ್ಕೂ ನೇರವಾದ ಸಂಬಂಧವಿಲ್ಲ. ಆದರೂ ಸೂಜಿಗೆ ಅಂಜುವರೆಂದು ಹೆಸರಾದ ಈ ಸೀಮೆಯ ಜನರೇ ಕಣ್ಣೆದುರಿನ ಮರಣವನ್ನು ಕಂಡು, ಊರು ಬಿಡಿಸುವ ಸರಕಾರದ ನಿರ್ಬಂಧಗಳ ಒತ್ತಾಯವೂ ಸೇರಿ, ಸಾಲುಗಟ್ಟಿ ನಿಂತರೆಂಬುದನ್ನು ಮರೆಯುವಂತಿಲ್ಲ.

ನಿಜವಾದ ತಿರುವು ಕರುವಿನಿಂದ ಬಂದಿತು. ಮಗುವಿನ ತೋಳಿಗೆ ಬದಲಾಗಿ ಕರುವಿನ ಚರ್ಮದಲ್ಲಿ ರಸವನ್ನು ಬೆಳೆಸುವ ಕ್ರಮವು ಇಟಲಿಯಲ್ಲಿ ಮೊದಲಾಗಿ, ೧೮೬೯ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಅನಂತ ಚಂದ್ರೋಬಾ ಅವರಿಂದ ಪ್ರಯೋಗಕ್ಕೆ ಬಂದಿತು. ಮದ್ರಾಸಿನಲ್ಲಿ ಕಿಂಗ್ ಎಂಬ ವೈದ್ಯನು ಉಣ್ಣೆಯ ಕೊಬ್ಬಿನಲ್ಲಿಯೂ, ಲಂಡನ್ನಿನಲ್ಲಿ ಕೋಪ್ಮನ್ ಗ್ಲಿಸರ‍್ರೀನಿನಲ್ಲಿಯೂ ರಸವನ್ನು ಅರೆದಿಟ್ಟು ಕೆಲಕಾಲ ಕಾಪಾಡುವ ಉಪಾಯಗಳನ್ನು ೧೮೯೦ರ ಈಚೆಗೆ ಕಂಡುಹಿಡಿದರು. ಬೆಂಗಳೂರಿನ ಲಸಿಕೆಯ ಸಂಸ್ಥೆಯಲ್ಲಿ ಆ ದಶಕದಲ್ಲಿ ದುಡಿದ ಡಾಕ್ಟರ್ ಪಲ್ಪು ಅವರು, ಈಳವ ಜಾತಿಯವರೆಂಬ ಕಾರಣದಿಂದ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರಿಗೆ ಬಂದವರು. ಜಾತಿಯ ತೋಳನ್ನು ಕೇಳದ ಮದ್ದನ್ನು ಸಿದ್ಧಪಡಿಸುವವರು ಜಾತಿಯಿಂದ ಹೊರದೂಡಲ್ಪಟ್ಟವರಾಗಿದ್ದುದು ಕಾಕತಾಳೀಯವಾದರೂ ನೆನೆಯತಕ್ಕುದು.

ಮುಂಬಯಿ ಇಲಾಖೆಗೆ ಲಸಿಕೆಯನ್ನು ಒದಗಿಸುವ ಸಂಸ್ಥೆಯು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬೆಳಗಾವಿಯಲ್ಲಿ ನೆಲೆಗೊಂಡಿತು. ತಂಪಾದ ಹವೆಯೂ ರೈಲಿನ ಅನುಕೂಲವೂ ಅಲ್ಲಿದ್ದುವು. ಜನರು ಇಂದಿಗೂ ವ್ಯಾಕ್ಸಿನ್ ಡಿಪೋ ಎನ್ನುವ ಆ ಮರಗಳ ವಿಶಾಲ ಆವರಣದಲ್ಲಿ ಕರುವಿನ ಹೊಟ್ಟೆಯ ಕೂದಲು ತೆಗೆದು, ಗೀರಿ, ರಸ ಹಚ್ಚಿ, ಐದಾರು ದಿನಗಳ ಮೇಲೆ ಗುಳ್ಳೆಗಳ ತಿರುಳನ್ನು ಕೆರೆದು ತೆಗೆಯುತ್ತಿದ್ದರು. ಅದನ್ನು ಗ್ಲಿಸರ‍್ರೀನಿನಲ್ಲಿ ಅರೆದು ಸಣ್ಣ ಗಾಜಿನ ನಳಿಗೆಗಳಲ್ಲಿ ತುಂಬಿ, ಲೋಂಡೆಯ ಮೇಲೆ ಧಾರವಾಡಕ್ಕೆ ರೈಲಿನಲ್ಲಿ ಕಳುಹಿದರೆ, ಮುಂದೆ ಹಳ್ಳಿಗಳಿಗೆ ಬಂಡಿಯ ದಾರಿ. ಈಗ ದೇವಿ ಹಾಕುವವನು ಯಾರ ಕೂಸನ್ನೂ ಹೊತ್ತು ತಿರುಗಬೇಕಾಗಿರಲಿಲ್ಲ. ಎಂಟನೆಯ ದಿನ ಗುಳ್ಳೆಯನ್ನು ನೋಡುವುದಷ್ಟೇ, ಒಡೆಯುವುದಿಲ್ಲ. ಯಾವ ಜಾತಿಯ ತೋಳಿನ ನೀರೆಂಬ ಪ್ರಶ್ನೆಯೂ ಉಳಿಯಲಿಲ್ಲ. ಅರ್ಧ ಶತಮಾನದ ಉಪದೇಶದಿಂದ ಆಗದುದು ಈ ನಳಿಗೆಯಿಂದ ಆಯಿತೆಂದರೆ ಅತಿಶಯೋಕ್ತಿಯಲ್ಲ.

ಹಾಗೆಂದು ಎಲ್ಲವೂ ಸರಿಹೋಯಿತೆಂದಲ್ಲ. ಬಿಸಿಲು ಬಿಸಿಲಾಗಿಯೇ ಉಳಿಯಿತು. ಗ್ಲಿಸರ‍್ರೀನಿನ ಲಸಿಕೆಯೂ ಬೇಸಗೆಯಲ್ಲಿ ಬೇಗನೆ ಸತ್ವಗೆಡುತ್ತಿತ್ತು. ಮೈಲಿಯು ಹೆಚ್ಚುವುದಾದರೋ ಮಾಘ, ಫಾಲ್ಗುಣಗಳು ಕಳೆದ ಮೇಲಣ ಒಣ ದಿನಗಳಲ್ಲಿ. ದೇವಿ ಹಾಕಿಸಿಕೊಂಡ ಮಗುವಿಗೇ ಅವ್ವ ಬಂದಾಗ ಊರು ಕಳೆದುಕೊಳ್ಳುತ್ತಿದ್ದ ವಿಶ್ವಾಸವನ್ನು ಮರಳಿ ಗಳಿಸುವುದಕ್ಕೆ ಬಹುಕಾಲ ಬೇಕು. ಉಪಕರಣವೂ ಕ್ರೂರವಾದುದು. ಮೊಳೆಯಂಥ ಹಿಡಿಕೆಯ ತುದಿಗೆ ಹಲ್ಲುಗಳುಳ್ಳ ಬಿಲ್ಲೆಯನ್ನು ತೋಳಿಗೆ ಒತ್ತಿ ತಿರುಗಿಸುವುದು ೧೯೬೦ರ ದಶಕದವರೆಗೂ ನಡೆಯಿತು. ಆ ಕಾಲದಲ್ಲಿ ಹುಟ್ಟಿದವರ ತೋಳಿನ ದುಂಡು ಕಲೆಗಳು ಅದರ ಗುರುತು. ವಿದ್ಯಾವಂತರಲ್ಲಿಯೂ ಒಮ್ಮತವಿರಲಿಲ್ಲ. ಪ್ರಾಣಿಹಿಂಸೆಯಿಂದ ಹುಟ್ಟಿದ ಮದ್ದೆಂದು ಗಾಂಧೀಜಿಯವರು ಇದನ್ನು ಒಪ್ಪಲಿಲ್ಲ. ೧೯೩೦ರಲ್ಲಿ ಸಾಬರಮತಿ ಆಶ್ರಮದ ಮೂವರು ಮಕ್ಕಳು ಸಿಡುಬಿನಿಂದ ತೀರಿಕೊಂಡಾಗಲೂ ಅವರ ಅಭಿಪ್ರಾಯವು ಕದಲಲಿಲ್ಲ. ಈ ವಿಷಯದಲ್ಲಿ ಹಳ್ಳಿಯವರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಸ್ವಾತಂತ್ರ್ಯದ ತರುವಾಯ, ೧೯೫೬ನೆಯ ನವೆಂಬರ್ ೧ರಂದು ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯವನ್ನು ಸೇರಿದುವು. ದೇವಿಯೂ ದಾಕೂ ಒಂದೇ ಇಲಾಖೆಯ ಕೆಳಗೆ ಬಂದುವು. ೧೯೬೨ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯವು ತೊಡಗಿತು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಲೆಸ್ಲಿ ಕಾಲಿಯರ್ ರೂಪಿಸಿದ, ಶೈತ್ಯದಲ್ಲಿ ಒಣಗಿಸಿದ ಪುಡಿಯ ಲಸಿಕೆಯು ಬಿಸಿಲನ್ನು ತಡೆಯುವಂಥದು. ಮೊದಲು ಸೋವಿಯೆತ್ ದೇಶದಿಂದ ದಾನವಾಗಿ ಬಂದ ಅದನ್ನು ಮುಂದೆ ಭಾರತದ ನಾಲ್ಕು ಸಂಸ್ಥೆಗಳು ತಯಾರಿಸಿದುವು: ಪಟವಾಡಾಂಗರ, ಗಿಂಡಿ, ಹೈದರಾಬಾದು, ಬೆಳಗಾವಿ. ಹಲ್ಲಿನ ಬಿಲ್ಲೆ ಹೋಗಿ ಕವಲು ತುದಿಯ ಸೂಜಿ ಬಂದಿತು. ಹದಿನೈದು ಸಲ ಮೆಲ್ಲನೆ ಕುಟ್ಟಿದರೆ ಮುಗಿಯಿತು. ಅದನ್ನು ಕಲಿಸುವುದಕ್ಕೆ ಅರ್ಧ ಗಂಟೆ ಸಾಕು. ಪಟ್ಟಿಯನ್ನು ನಂಬುವುದನ್ನು ಬಿಟ್ಟು ಮನೆಮನೆಗೆ ಹೋಗಿ ರೋಗಿಯ ಚಿತ್ರವನ್ನು ತೋರಿಸಿ ವಿಚಾರಿಸುವ ಕ್ರಮವು ೧೯೭೩ರಿಂದ ನಡೆಯಿತು. ರೋಗಿಯ ಸುಳಿವು ಕೊಟ್ಟವರಿಗೆ ೧೯೭೫ರಲ್ಲಿ ೧೦೦೦ ರೂಪಾಯಿ ಬಹುಮಾನವಿತ್ತು. ಭಾರತದ ಕೊನೆಯ ಸಿಡುಬು ಕಂಡುಬಂದುದು ಆ ವರ್ಷದ ಮೇ ತಿಂಗಳಲ್ಲಿ, ಅಸ್ಸಾಮಿನ ಕರೀಮಗಂಜದಲ್ಲಿ. ೧೯೮೦ನೆಯ ಮೇ ತಿಂಗಳಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು.

ದ್ಯಾಮವ್ವನ ಜಾತ್ರೆಗಳು ನಿಲ್ಲಲಿಲ್ಲ. ಗೊಬ್ಬರವೆಂದು ಈ ಕಡೆಯವರು ಕರೆಯುವ ದಡಾರಕ್ಕೂ ಸಣ್ಣವ್ವನಿಗೂ ಬೇವಿನ ತಪ್ಪಲು ಇಂದಿಗೂ ಬಾಗಿಲಿಗೆ ಏರುವುದುಂಟು. ದೇವಿ ಹಾಕುವವನ ಹುದ್ದೆಯು ೧೯೭೩ರ ಕರ್ತಾರ್ ಸಿಂಗ್ ಸಮಿತಿಯ ಸಲಹೆಯಂತೆ ಬಹೂದ್ದೇಶ ಆರೋಗ್ಯ ಕಾರ್ಯಕರ್ತರ ಹುದ್ದೆಯಲ್ಲಿ ಲೀನವಾಯಿತು. ೧೯೭೮ರಲ್ಲಿ ವಿಸ್ತರಿಸಿದ ಲಸಿಕೆಯ ಕಾರ್ಯವೂ ೧೯೮೫ರಲ್ಲಿ ಸಾರ್ವತ್ರಿಕ ಲಸಿಕೆಯ ಕಾರ್ಯವೂ ಆರಂಭವಾದಾಗ ದಡಾರ, ನಾಯಿಕೆಮ್ಮು, ಧನುರ್ವಾಯು, ಪೋಲಿಯೋಗಳ ಮದ್ದುಗಳನ್ನು ಹೊತ್ತು ಹಳ್ಳಿಗಳಿಗೆ ನಡೆದವರು ಆ ಕಾರ್ಯಕರ್ತೆಯರೇ. ಈ ಮದ್ದುಗಳಲ್ಲಿ ಹೆಚ್ಚಿನವು ಒಣಪುಡಿಯಂತೆ ಬಿಸಿಲನ್ನು ಸಹಿಸುವಂಥವಲ್ಲ. ಆದುದರಿಂದ ಹೆಗಲಿಗೆ ಮಂಜಿನ ಪೆಟ್ಟಿಗೆ ಬಂದಿತು. ಪೆಟ್ಟಿಗೆಯನ್ನು ತೆರೆಯುವ ದಿನವು ಕೊಯ್ಲಿನ ದಿನದೊಡನೆ ಕೂಡಿಬಂದರೆ ತಾಯಂದಿರು ಬರುವುದು ಹೊತ್ತು ಮುಳುಗಿದ ಮೇಲೆ, ಮಂಜು ಕರಗಿದ ಮೇಲೆ.